ನೋಡದ ಮೂಲೆ

ರೂವಿ, ಮಸ್ಕತ್
20 ನವೆಂಬರ್ 1998

ಪ್ರೀತಿಯ ಭೋಜ,

ನೀನು ಕ್ಷೇಮವೇ ಎಂದು ಕೇಳುವುದಿಲ್ಲ. ಸೂರಿನಲ್ಲಿ ದಿನಾ ದೋಣಿಯಿಂದ ಇಳಿದ ಅಂಜಲ್ ತಿನ್ನುವವನಿಗೆ ಏನು ಧಾಡಿ? ಇಲ್ಲಿ ರೂವಿಯಲ್ಲಿ ನನ್ನ ಮನೆಯಾಕೆ ಗ್ರೆಟ್ಟಾ ಕೊಂಡು ತರುವ ಮೀನಿಗೆ ನನಗಿಂತ ಹೆಚ್ಚು ವಯಸ್ಸಾಗಿರುತ್ತದೆ.

ಫುಟ್‌ಬಾಲ್ ಮ್ಯಾಚಿನ ದಿನ ಗೊತ್ತಾಯಿತು. ಫೆಬ್ರವರಿ ಹನ್ನೆರಡು, ಶುಕ್ರವಾರ, ಅದೇ ವಾದಿಯ ಒಣಹೊಳೆ ಬಯಲಿನಲ್ಲಿ. ಮಳೆ ಬಂದು ವಾದಿ ಹರಿಯದಿದ್ದರೆ ಸರಿ. ಮ್ಯಾಚಿನ ಮುಂದಿನ ಬುಧವಾರದಿಂದ ನಮಗೆ ತಪಸ್ಸುಕಾಲ, ಕೋಳಿ ಮುಟ್ಟುವ ಹಾಗಿಲ್ಲ. ಅದಕ್ಕೇ ಅದಕ್ಕಿಂತ ಮೊದಲು ಇಟ್ಟದ್ದು. ಮಂಗಳೂರಿನ ಎರಡು ಕಾಲೇಜುಗಳ ಜಗಳವನ್ನು ಮರಳುಗಾಡಿನವರೆಗೂ ಹೊತ್ತು ತಂದವರು ನಾವು ಮಾತ್ರ ಇರಬೇಕು. ಎರಡು ವರ್ಷದಿಂದ ದಕ್ಕೆ ಕಾಲೇಜಿನವರೇ ಗೆಲ್ಲುತ್ತಿದ್ದಾರೆ. ಗೆದ್ದವರು ಚಾಪೆಯ ಮೇಲೆ ಕೂರುವುದು, ಸೋತವರು ನಿಂತು ಕೋರಿ ರೊಟ್ಟಿ, ಕೋಳಿ ರಸ ಬಡಿಸುವುದು. ಹೋದ ವರ್ಷ ಅವರ ಕ್ಯಾಪ್ಟನ್ ಪುತ್ರನ್ ಮೂರನೇ ಸಲ ರಸ ಕೇಳಿದಾಗ ಅವನ ಮುಖದಲ್ಲಿದ್ದ ನಗು ನನಗೆ ಇನ್ನೂ ಜೀರ್ಣವಾಗಿಲ್ಲ. ಈ ಸಲವೂ ನಮ್ಮ ಬೋಳುಗುಡ್ಡೆ ಕಾಲೇಜು ಸೋತರೆ ನಾವೆಲ್ಲ ಗಂಟುಮೂಟೆ ಕಟ್ಟುವುದೇ ಮೇಲು.

ಒಂದು ಕೆಲಸ ಮಾಡು. ದಕ್ಕೆಯವರಿಗೆ ಹೊಸ ಫಾರ್ವರ್ಡ್ ಒಬ್ಬ ಸಿಕ್ಕಿದ್ದಾನಂತೆ. ನಿನ್ನ ಗ್ಯಾಸ್ ಪ್ಲಾಂಟಿನ ಸೈಟಿನಲ್ಲೇ ಇದ್ದಾನೆ ಎಂದು ಸುದ್ದಿ. ಅವನು ಹೇಗೆ ಆಡುತ್ತಾನೆ ನೋಡಿ ಬರೆ. ನೀನು ನಮ್ಮ ಕಾಲೇಜಿನ ಗೋಲ್ ಕಾಯುವ ಗೋಲಿಯಾಗಿದ್ದವ. ಫಾರ್ವರ್ಡ್ ಒಬ್ಬನನ್ನು ಅಳೆಯಲು ನಿನಗಿಂತ ಒಳ್ಳೆಯ ಕಣ್ಣು ಒಮಾನಿನಲ್ಲಿ ಬೇರೆ ಇಲ್ಲ.

ಇನ್ನು ನಿನ್ನ ವಿಷಯ. ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದದ್ದರಿಂದ ನಮ್ಮ ಆಫೀಸಿನಲ್ಲೂ ಜನರನ್ನು ಮನೆಗೆ ಕಳಿಸುತ್ತಿದ್ದಾರೆ. ಆದರೆ ಸ್ಟೋರ್ ಕೀಪರ್ ಆಗಿದ್ದ ಕೇರಳದವರು ತಾವಾಗಿಯೇ ಊರಿಗೆ ಹೊರಟಿದ್ದಾರೆ. ಆ ಒಂದು ಜಾಗ ಖಾಲಿ ಇಡುವಂತಿಲ್ಲ. ನಮ್ಮ ಮ್ಯಾನೇಜರ್ ರೇಗೊ ಸಾಹೇಬರಿಗೆ ನಿನ್ನ ಹೆಸರು ಹೇಳಿದ್ದೇನೆ, 'ಹ್ಞೂಂ' ಎಂದಿದ್ದಾರೆ. ಫ್ಯಾಮಿಲಿ ವೀಸಾ ಕೊಡುವ ಕೆಲಸ ಮಾರಾಯ! ವಾರಿಜಾಕ್ಷಿಗೆ ಪಾಸ್‌ಪೋರ್ಟ್ ಮಾಡಿಸಲು ಹೇಳು. ನಮ್ಮ ಎದುರಿನ ಫ್ಲ್ಯಾಟಿನ ಮೇಲೆ ಗ್ರೆಟ್ಟಾ ಆಗಲೇ ಕಣ್ಣಿಟ್ಟಿದ್ದಾಳೆ.

ನಿನ್ನ,
ರಾಬರ್ಟ್


ಸೂರ್
4 ಡಿಸೆಂಬರ್ 1998

ಪ್ರೀತಿಯ ರಾಬರ್ಟ್,

ನಿನ್ನ ಕಾಗದ ಓದಿ ಮೊದಲು ಮಾಡಿದ ಕೆಲಸ ಕ್ಯಾಂಪಿನ ಟೆಲಿಫೋನ್ ಬೂತಿನ ಮುಂದೆ ಸಾಲಿನಲ್ಲಿ ನಿಂತದ್ದು. ವಾರಿಜಾಕ್ಷಿಗೆ ಸಂಗತಿ ಹೇಳಿದೆ. ಆಚೆಯಿಂದ ಮಾತೇ ಇಲ್ಲ. ಲೈನ್ ಕಡಿದುಹೋಯಿತೋ ಏನೋ ಎಂದು ಕೂಗಿದರೆ, 'ನಾನು ಇಲ್ಲೇ ಇದ್ದೇನೆ, ನೀವು ಇನ್ನೊಮ್ಮೆ ಹೇಳಿ' ಅಂದಳು. ಇನ್ನೊಮ್ಮೆ ಹೇಳಿದೆ. ಮದುವೆಯಾದಲ್ಲಿಂದ ಅವಳ ಜೊತೆ ನಾನು ಕಳೆದದ್ದು ರಜೆಯ ದಿನಗಳನ್ನು ಮಾತ್ರ. ಮಗಳು ಅನು ನನ್ನನ್ನು ನೆಂಟರನ್ನು ಕಂಡ ಹಾಗೆ ಬಾಗಿಲ ಮರೆಯಿಂದ ನೋಡುತ್ತಾಳೆ. ಈಗ ಅವಳು ರೂವಿಯಲ್ಲಿ ನಿನ್ನ ಮಕ್ಕಳ ಶಾಲೆಗೇ ಹೋಗಲಿ.

ನನಗೆ ವೀಸಾ ಕೊಟ್ಟ ಕಫೀಲ್ ಮುದುಕ ಒಳ್ಳೆಯವ. ಇಲ್ಲಿಯ ಕೆಲಸ ಮುಗಿಯುತ್ತಾ ಬಂತು, ಹೊಸ ಕೆಲಸವೂ ಇಲ್ಲ. 'ಫೆಬ್ರವರಿ ಮುಗಿಯುವುದರೊಳಗೆ ಬೇರೆ ಕಂಪೆನಿಯಿಂದ ಕಾಗದ ತಾ, ರಿಲೀಸ್ ಕೊಡುತ್ತೇನೆ. ತರದಿದ್ದರೆ ಖಲಾಸ್, ಊರಿಗೆ ಟಿಕೆಟ್' ಎಂದಿದ್ದಾನೆ. ಆದ್ದರಿಂದ ನಿನ್ನ ರೇಗೊ ಸಾಹೇಬರ ಆ 'ಹ್ಞೂಂ' ಎಂಬುದನ್ನು ಬೇಗ ಕಾಗದಕ್ಕೆ ಇಳಿಸು.

ಈಗ ನಿನ್ನ ಫಾರ್ವರ್ಡ್. ಹುಡುಗನ ಹೆಸರು ಇವಾನ್, ಬಜಪೆ ಕಡೆಯವ. ಪಕ್ಕದ ಕಂಟ್ರಾಕ್ಟರನ ಸ್ಟೋರಿನಲ್ಲಿ ಸಹಾಯಕ. ಹಡಗು ಕಟ್ಟುವ ಜಾಗದ ಬಳಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಮರಳಿನಲ್ಲಿ, ಸೂರಿನ ಮೀನುಗಾರರ ಜೊತೆ ಆಡುತ್ತಾನೆ. ನಾನು ಗಾಳ ಹಾಕುವವನ ಹಾಗೆ ಅಲ್ಲೇ ಒಂದು ದೋಣಿಯ ಮರೆಯಲ್ಲಿ ಕೂತು ನೋಡಿದೆ.

ರಾಬರ್ಟ್, ನಾವು ಸತ್ತೆವು. ಅವನು ಎಡಗಾಲಿನವ. ಚೆಂಡು ಬಂದಾಗ ಅದನ್ನು ನಿಲ್ಲಿಸುವುದಿಲ್ಲ, ಬರುವ ದಾರಿಯಲ್ಲೇ ತಿರುಗಿಸಿಕೊಂಡು ಹೊರಟುಬಿಡುತ್ತಾನೆ. ಎದುರಾಳಿ ಇನ್ನೂ ಚೆಂಡು ನಿಲ್ಲುತ್ತದೆಂದು ಕಾಯುತ್ತಿರುತ್ತಾನೆ, ಇವನು ಅಷ್ಟರಲ್ಲಿ ಗೋಲಿನ ಮುಂದೆ. ತನಗಿಂತ ಒಳ್ಳೆಯ ಜಾಗದಲ್ಲಿ ಬೇರೆಯವರಿದ್ದರೆ ಚೆಂಡು ಕೊಟ್ಟುಬಿಡುತ್ತಾನೆ. ನಮ್ಮ ಕಾಲದಲ್ಲಿ ಈ ಒಂದು ಗುಣ ನಿನಗಿತ್ತು, ಬೇರೆ ಯಾರಿಗೂ ಇರಲಿಲ್ಲ. ದಕ್ಕೆಯವನಾದರೂ ಆಟ ಚಂದ ಕಂಡರೆ ಚಂದ ಎಂದು ಬರೆಯದೆ ಇರಲು ನನ್ನಿಂದಾಗುವುದಿಲ್ಲ. ಮಂಡಿ ನೋವಿನ ಈ ಮುದಿ ಗೋಲಿಗೂ ಎದ್ದು ಹೋಗಿ ಅವನ ಎದುರು ನಿಲ್ಲಬೇಕೆನಿಸಿತು.

ಆಮೇಲೆ ಅವನೇ ನನ್ನನ್ನು ಕಂಡು ಹತ್ತಿರ ಬಂದ. 'ಭೋಜಣ್ಣ, ನಿಮ್ಮವರಿಗೆ ಈ ಸಲ ರೊಟ್ಟಿ ಸ್ವಲ್ಪ ಜಾಸ್ತಿ ಮಾಡ್ಲಿಕ್ಕೆ ಹೇಳಿ ಆಯ್ತಾ' ಅಂದ. ಕೋಪ ಬರಬೇಕಿತ್ತು, ನಗು ಬಂತು.

ನಿನ್ನ,
ಭೋಜ


ರೂವಿ
14 ಡಿಸೆಂಬರ್ 1998

ಪ್ರೀತಿಯ ಭೋಜ,

ನಿನ್ನ ಕಾಗದ ಇಡೀ ಆಫೀಸಿನಲ್ಲಿ ಓಡಾಡಿತು. ರೇಗೊ ಸಾಹೇಬರಿಗೆ ತೋರಿಸಿದೆ. ಬಾಗಿಲು ಹಾಕಿಕೊಂಡು ಎರಡು ಸಲ ಓದಿಸಿಕೊಂಡರು. ವ್ಯಾಪಾರ ಬಿದ್ದುಹೋದಾಗಿನಿಂದ ಅವರು ಇಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡಿರಲಿಲ್ಲ. 'ನಿನ್ನ ಗೆಳೆಯ ಬರೆಯುವುದು ಕಣ್ಣಿಗೆ ಕಟ್ಟುತ್ತದೆ ಮಾರಾಯ' ಅಂದರು. ನನಗೆ ಹೆಮ್ಮೆಯಾಯಿತು.

ಅವರಿಗೆ ಇನ್ನಷ್ಟು ತಿಳಿಯಬೇಕಂತೆ. ಹುಡುಗ ಹೇಗೆ? ಕುಡಿತ ಗಿಡಿತ ಇದೆಯೇ? ಅವನ ಕೆಲಸವೂ ಮುಗಿಯುತ್ತಿದೆಯೇ? ಎದುರಾಳಿಯ ಜಾತಕ ಪೂರ್ತಿ ಗೊತ್ತಿರಬೇಕು ಎನ್ನುತ್ತಾರೆ. ಬೋಳುಗುಡ್ಡೆ ಸಂಘದ ಅಧ್ಯಕ್ಷರಾದ ಮೇಲೆ ಒಂದು ಸಲವೂ ಚಾಪೆಯ ಮೇಲೆ ಕೂತವರಲ್ಲ, ಹಸಿವಿರುವುದು ಸಹಜ.

ನಿನ್ನ ಕೆಲಸದ ಕಾಗದ ರಮದಾನ್ ಕಳೆದ ಕೂಡಲೇ ಆಗುತ್ತದೆ. ತಲೆಕೆಡಿಸಿಕೊಳ್ಳಬೇಡ. ಎದುರಿನ ಫ್ಲ್ಯಾಟಿನ ಅಡುಗೆಮನೆಯ ಕಿಟಕಿ ನಮ್ಮ ಕಿಟಕಿಗೆ ನೇರವಾಗಿದೆ, ವಾರಿಜಾಕ್ಷಿ ಅಲ್ಲಿಂದಲೇ ಉಪ್ಪಿನಕಾಯಿ ದಾಟಿಸಬಹುದು ಎಂದು ಗ್ರೆಟ್ಟಾ ಬರೆಯಲು ಹೇಳಿದ್ದಾಳೆ.

ನಿನ್ನ,
ರಾಬರ್ಟ್


ಸೂರ್
8 ಜನವರಿ 1999

ಪ್ರೀತಿಯ ರಾಬರ್ಟ್,

ರಮದಾನ್ ಆದ್ದರಿಂದ ಕೆಲಸ ಬೇಗ ಮುಗಿಯುತ್ತದೆ. ನಾನು ಮತ್ತು ಇವಾನ್ ಸಂಜೆಯ ಚಾ ಒಟ್ಟಿಗೇ ಕುಡಿಯುವಷ್ಟು ಹತ್ತಿರವಾಗಿದ್ದೇವೆ. ನಿನ್ನ ಬೇಹುಗಾರಿಕೆಗೆ ಹೋಗಿ ನನಗೆ ಒಬ್ಬ ತಮ್ಮ ಸಿಕ್ಕಿದ.

ಕುಡಿತ ಗಿಡಿತ ಯಾವುದೂ ಇಲ್ಲ. ಮದುವೆಯಾಗಿಲ್ಲ. ಅವನ ಕಂಟ್ರಾಕ್ಟರನೂ ಬಾಗಿಲು ಹಾಕುತ್ತಿದ್ದಾನೆ. ಹೋದ ವಾರ ನಮ್ಮ ಸ್ಟೋರಿಗೆ ಬಂದು, ನಾನು ವರ್ಷಗಟ್ಟಲೆ ಇಟ್ಟುಕೊಂಡಿದ್ದ ಪೈಪುಗಳ ಜೋಡಣೆಯನ್ನು ನೋಡಿ, 'ಭೋಜಣ್ಣ, ದಿನಾ ಬೇಕಾದ್ದನ್ನು ಯಾಕೆ ಹಿಂದೆ ಇಟ್ಟಿದ್ದೀರಿ?' ಎಂದು ಕೇಳಿದ. ಇಬ್ಬರೂ ಸೇರಿ ಬದಲಾಯಿಸಿದೆವು. ಕೆಲಸದಲ್ಲೂ ಅಷ್ಟೇ ಚುರುಕು.

ಈಗ ಕೇಳು, ನಗಬೇಡ. ಈ ಹುಡುಗ ಪಿಯುಸಿಯ ಮೊದಲ ವರ್ಷ ಓದಿದ್ದು ಎಲ್ಲಿ ಗೊತ್ತೇ? ನಮ್ಮ ಬೋಳುಗುಡ್ಡೆಯಲ್ಲಿ! ಮತ್ತೆ ಯಾಕೆ ಬಿಟ್ಟ? ನಮ್ಮ ಕೋಚ್ ಅವನ ಉದ್ದ ನೋಡಿ ಗೋಲಿಯಾಗಿ ನಿಲ್ಲಿಸಿದರಂತೆ. ವರ್ಷವಿಡೀ ಕಂಬದ ನಡುವೆ ನಿಂತು ಬೇಸತ್ತು, ದಕ್ಕೆಗೆ ಹೋಗಿ ಸೇರಿಕೊಂಡ. ನಮ್ಮ ಕೈಯಲ್ಲಿದ್ದ ಬಂಗಾರವನ್ನು ನಾವೇ ಎತ್ತಿ ಆಚೆ ಕೊಟ್ಟದ್ದು. ಇದನ್ನು ಆಫೀಸಿನಲ್ಲಿ ಓದಿ ಹೇಳು, ಎಲ್ಲರೂ ಹಣೆ ಬಡಿದುಕೊಳ್ಳಲಿ.

ಇನ್ನೊಂದು ಸಂಗತಿ ಉಂಟು. ಅವನ ಪೆನಾಲ್ಟಿಯ ಬಗ್ಗೆ. ಗೋಲಿಯಾಗಿದ್ದವನಿಗೆ ಮಾತ್ರ ಕಾಣುವಂಥದ್ದು. ಕಂಡ ದಿನ ನಾನು ಒಬ್ಬನೇ ನಕ್ಕೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಕಾಗದ ತರುವ ಪಿಕಪ್ ಡ್ರೈವರ್ ಊಟ ಮಾಡುವುದು ಪುತ್ರನ್ ಇರುವ ರೂಮಿನಲ್ಲಿ. ಮ್ಯಾಚಿನ ದಿನ ನಮ್ಮ ಗೋಲಿಯ ಕಿವಿಯಲ್ಲಿ ನಾನೇ ಹೇಳುತ್ತೇನೆ.

ವಾರಿಜಾಕ್ಷಿಯ ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ನಗಬಾರದು ಎಂದರಂತೆ, ಇವಳಿಗೆ ತಡೆಯಲಾಗಲಿಲ್ಲವಂತೆ, ಮತ್ತೆ ತೆಗೆಸಬೇಕಾಯಿತಂತೆ. ನನ್ನ ಕಾಗದ ಏನಾಯಿತು?

ನಿನ್ನ,
ಭೋಜ


ಸೂರ್
22 ಜನವರಿ 1999

ರಾಬರ್ಟ್,

ಈದ್ ಕಳೆಯಿತು. ಕಫೀಲ್ ಎರಡು ಸಲ ಕೇಳಿದ. ನಿನ್ನ ಆಫೀಸಿಗೆ ಫೋನ್ ಮಾಡಿದರೆ ಮೀಟಿಂಗ್ ಎನ್ನುತ್ತಾರೆ. ಇಡೀ ಮಸ್ಕತ್ತಿನಲ್ಲಿ ವ್ಯಾಪಾರ ನಿಂತಿರುವಾಗ ನಿನಗೊಬ್ಬನಿಗೆ ಇಷ್ಟು ಮೀಟಿಂಗ್ ಎಲ್ಲಿಂದ ಬಂತು? ಕಾಯಿಲೆಯೇನೂ ಇಲ್ಲವಷ್ಟೆ?

ವಾರಿಜಾಕ್ಷಿ ಅನುವಿನ ಶಾಲೆಯಲ್ಲಿ ಟಿ.ಸಿ. ಕೇಳಿ ಬಂದಿದ್ದಾಳೆ. ಅವಸರ ಮಾಡಬೇಡ ಎಂದು ನಾನು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. ಒಂದು ಸಾಲಾದರೂ ಬರೆ.

ಭೋಜ


ರೂವಿ
27 ಜನವರಿ 1999

ಪ್ರೀತಿಯ ಭೋಜ,

ಕಾಯಿಲೆಯೇನೂ ಇಲ್ಲ. ಓಡಾಟ ಜಾಸ್ತಿ. ಜೆರ್ಸಿಯ ಬಣ್ಣದ ಬಗ್ಗೆ ದೊಡ್ಡ ಗಲಾಟೆಯಾಯಿತು. ಹಳೆಯ ನೀಲಿಯೇ ಇರಲಿ ಎಂದು ತೀರ್ಮಾನವಾಯಿತು. ಮೊನ್ನೆ ಗುಡ್ಡದ ಮೇಲೆ ಮಳೆಯಾಗಿ ವಾದಿಯಲ್ಲಿ ನೀರು ಬಂದಿತ್ತು, ಈಗ ಒಣಗಿದೆ, ಕಲ್ಲು ಹೆಕ್ಕಬೇಕು. ರೆಫ್ರಿಯಾಗಿ ಈ ಸಲ ಗೋವಾದವರೊಬ್ಬರು ಬರುತ್ತಾರೆ, ಎರಡೂ ಕಡೆಗೆ ಸಂಬಂಧವಿಲ್ಲದವರು. ರೊಟ್ಟಿ ಊರಿನಿಂದಲೇ ಬರುತ್ತಿದೆ. ಇಲ್ಲಿ ಮಾಡಿದ್ದು ರಸಕ್ಕೆ ಬಿದ್ದ ಕೂಡಲೇ ಕರಗುತ್ತದೆ. ಗ್ರೆಟ್ಟಾಗೆ ಸ್ವಲ್ಪ ಶೀತ. ಮಕ್ಕಳಿಗೆ ಪರೀಕ್ಷೆ.

ನಮ್ಮ ಹಳೆಯ ನಿಯಮ ನಿನಗೆ ನೆನಪಿರಬಹುದು. ಕಾಲೇಜಿನಲ್ಲಿ ಒಂದು ವರ್ಷ ಓದಿದ್ದರೂ ಸಾಕು, ಆ ಕಡೆಗೆ ಆಡಬಹುದು. ಎರಡೂ ಕಡೆ ಓದಿದವನು ಮೊದಲ ಮ್ಯಾಚಿಗೆ ಮೊದಲು ತನ್ನ ಕಡೆಯನ್ನು ಆರಿಸಿಕೊಳ್ಳಬೇಕು. ಯಾರೋ ಕೇಳಿದರು, ಅದಕ್ಕೆ ಬರೆದೆ.

ಉಳಿದದ್ದು ಸಿಕ್ಕಾಗ ಮಾತಾಡುವ. ಮ್ಯಾಚಿಗೆ ತಪ್ಪದೆ ಬಾ. ಆ ಪೆನಾಲ್ಟಿಯ ಸಂಗತಿ ಏನು? ಈಗ ಅದು ಬೇಕಾಗಲಿಕ್ಕಿಲ್ಲ, ಆದರೂ ಬರೆ.

ರಾಬರ್ಟ್


ಸೂರ್
3 ಫೆಬ್ರವರಿ 1999

ರಾಬರ್ಟ್,

ನಿನ್ನೆ ಇವಾನ್ ನನ್ನ ರೂಮಿಗೆ ಬಂದ. ಕೈಯಲ್ಲಿ ಹಲ್ವಾದ ದೊಡ್ಡ ಡಬ್ಬಿ. ಒಳಗೆ ಬಂದವನೇ ಬಗ್ಗಿ ನನ್ನ ಕಾಲು ಮುಟ್ಟಿದ. ಅವರಲ್ಲಿ ಆ ಪದ್ಧತಿ ಇಲ್ಲ, ನನಗಾಗಿ ಮಾಡಿದ್ದು.

'ಭೋಜಣ್ಣ, ನಿಮ್ಮ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ. ರೂವಿಯಲ್ಲಿ ಸ್ಟೋರ್ ಕೀಪರ್ ಕೆಲ್ಸ ಆಯ್ತು. ರೇಗೊ ಸರ್ ಹೇಳಿದ್ರು, ಇಂಟರ್‌ವ್ಯೂ ಎಂಥ ಬೇಡ, ಭೋಜರಾಜ ಬರ್ದದ್ದೇ ಸಾಕು ಅಂತ. ರಾಬರ್ಟ್ ಅಂಕಲ್ ಎಲ್ಲಾ ಓದಿ ಹೇಳಿದ್ರಂತೆ.'

ನಾನು ಕೇಳಿದೆ, 'ಮ್ಯಾಚ್?'

ಅವನು ತಲೆ ಕೆರೆದುಕೊಂಡ. 'ಅದು ಮಾತ್ರ ಬೇಜಾರು. ಬೋಳುಗುಡ್ಡೆಗೆ ಆಡ್ಬೇಕು ಅಂತ ಕಂಡಿಶನ್. ಒಂದು ವರ್ಷ ಓದಿದ್ದೇನಲ್ಲ, ಸಾಕಂತೆ. ದಕ್ಕೆಯವರು ನನ್ನನ್ನು ಹುರಿದು ತಿಂತಾರೆ. ಆದ್ರೆ ನೀವೆಲ್ಲ ಇದ್ದೀರಲ್ಲ.'

ಆ ಜಾಗವನ್ನು ನನಗೆ ಹೇಳಿಟ್ಟದ್ದು ಎಂದು ಅವನಿಗೆ ಗೊತ್ತಿಲ್ಲ. ನಾನು ಹೇಳಲೂ ಇಲ್ಲ. ಹಲ್ವಾ ತಿಂದೆ. ಅವನಿಗೂ ಒಂದು ತುಂಡು ಕೊಟ್ಟೆ.

ನಾನು ಎಂಥ ಹೆಡ್ಡ! ಎದುರಾಳಿಯನ್ನು ನೋಡಿ ಬರೆ ಎಂದು ನೀನು ಹೇಳಿದೆ. ನಾನು ಮೈಮರೆತು ಬರೆದೆ. ಎಡಗಾಲು, ಒಳ್ಳೆಯ ಗುಣ, ಚುರುಕು ಕೈ, ಬೋಳುಗುಡ್ಡೆಯಲ್ಲಿ ಒಂದು ವರ್ಷ, ಎಲ್ಲವನ್ನೂ. ನನ್ನ ಅನ್ನಕ್ಕೆ ಇನ್ನೊಬ್ಬನ ಶಿಫಾರಸನ್ನು ನಾನೇ ಬರೆದುಕೊಟ್ಟೆ, ಅದನ್ನು ನೀನು ಬಾಗಿಲು ಹಾಕಿಕೊಂಡು ಓದಿದೆ. ಕುಡಿತ ಗಿಡಿತ ಇದೆಯೇ ಎಂದು ಯಾಕೆ ಕೇಳಿದ್ದೆಂದು ಈಗ ತಿಳಿಯಿತು. ಫುಟ್‌ಬಾಲ್ ಆಡುವವನ ಜಾತಕ ಯಾರಿಗೂ ಬೇಕಾಗುವುದಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಬೇಕು.

ಆ ಹುಡುಗನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಫ್ಯಾಮಿಲಿ ವೀಸಾ ಇಟ್ಟುಕೊಂಡು ಅವನು ಏನು ಮಾಡುತ್ತಾನೆ? ಅವನ ಮೇಲೆ ನನಗೆ ಸಿಟ್ಟಿಲ್ಲ. ರೇಗೊ ಸಾಹೇಬರ ಮೇಲೂ ಇಲ್ಲ, ಅವರು ನನ್ನ ಮುಖ ನೋಡಿದವರಲ್ಲ. ಸಿಟ್ಟಿರುವುದು ನಿನ್ನ ಮೇಲೆ. ಹಾಸ್ಟೆಲಿನಲ್ಲಿ ನನ್ನ ತಟ್ಟೆಯಿಂದ ತಿಂದವನ ಮೇಲೆ. ಕೆಲಸ ಇಲ್ಲ ಎಂದು ಒಂದು ಸಾಲು ಬರೆದಿದ್ದರೆ ನಾನು ಬೇರೆ ಕಡೆ ಹುಡುಕುತ್ತಿದ್ದೆ. ವಾರಿಜಾಕ್ಷಿ ಆ ಟಿ.ಸಿ. ಕೇಳಲು ಹೋಗುತ್ತಿರಲಿಲ್ಲ. ನೀನು ಬರೆದದ್ದು ಏನು? ಜೆರ್ಸಿಯ ಬಣ್ಣ.

ಹೆಂಡತಿಗೆ ನಾನು ಇನ್ನೂ ಹೇಳಿಲ್ಲ. ಬೂತಿನವರೆಗೆ ಹೋಗಿ ವಾಪಸು ಬಂದೆ.

ಮ್ಯಾಚಿಗೆ ಖಂಡಿತ ಬರುತ್ತೇನೆ. ಆಟ ನೋಡಲು ಯಾವ ಕಡೆಯ ಚಾಪೆಯಲ್ಲಿ ಕೂರುತ್ತೇನೆ ಎಂದು ನೋಡು.

ಭೋಜರಾಜ


ರೂವಿ
7 ಫೆಬ್ರವರಿ 1999

ಭೋಜಣ್ಣ,

ನಾನು ಗ್ರೆಟ್ಟಾ. ನಿಮ್ಮ ಕಾಗದವನ್ನು ರಾಬರ್ಟ್ ಓದಿ ಮೇಜಿನ ಮೇಲೆ ಬಿಟ್ಟು ಹೊರಗೆ ಹೋದರು. ನನಗೆ ಓದಲು ಸಿಗಲಿ ಎಂದೇ ಬಿಟ್ಟದ್ದಿರಬೇಕು, ಬಾಯಿಯಿಂದ ಹೇಳುವ ಧೈರ್ಯ ಅವರಿಗಿಲ್ಲ. ನಾನು ಬರೆಯುವುದು ಅವರಿಗೆ ಗೊತ್ತಿಲ್ಲ.

ರಾತ್ರಿ ಬಂದಾಗ ನಾನೇ ಒತ್ತಾಯಿಸಿ ಕೇಳಿದೆ. ಆಫೀಸಿನಿಂದ ಕಳಿಸಬೇಕಾದವರಲ್ಲಿ ಅವರ ಹೆಸರೂ ಇತ್ತಂತೆ. 'ಆ ಹುಡುಗನನ್ನು ನಮ್ಮ ಕಡೆಗೆ ತಂದುಕೊಡು, ನಿನ್ನದನ್ನು ನಾನು ನೋಡಿಕೊಳ್ಳುತ್ತೇನೆ' ಎಂದು ರೇಗೊ ಸಾಹೇಬರು ಹೇಳಿದರಂತೆ. ಕೇಳಿದ ಮೇಲೆ ನನಗೂ ನಿದ್ದೆಯಿಲ್ಲ. ಇದನ್ನು ಅವರನ್ನು ಕ್ಷಮಿಸಿ ಎನ್ನಲು ಬರೆದದ್ದಲ್ಲ. ನಮ್ಮ ಮನೆಯ ಅನ್ನ ಉಳಿಯಿತು, ಅದನ್ನು ಉಣ್ಣುತ್ತಿರುವವಳು ನಾನೂ ಹೌದು. ಆದರೆ ನಿಮಗೆ ಮೊದಲೇ ಹೇಳಬಹುದಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಎದುರಿನ ಫ್ಲ್ಯಾಟನ್ನು ಯಜಮಾನರು ಬೇರೆಯವರಿಗೆ ಕೊಟ್ಟರು. ಹೊಸಬರು ಆ ಕಿಟಕಿಗೆ ಕಾಗದ ಅಂಟಿಸಿದ್ದಾರೆ. ವಾರಿಜಾಕ್ಷಿಗೆ ನಾನು ಏನೆಂದು ಬರೆಯಲಿ? ನೀವು ಮ್ಯಾಚಿಗೆ ಬನ್ನಿ ಎಂದೂ ಹೇಳಲಾರೆ, ಬರಬೇಡಿ ಎಂದೂ ಹೇಳಲಾರೆ.

ಗ್ರೆಟ್ಟಾ


ಸೂರ್
15 ಫೆಬ್ರವರಿ 1999

ರಾಬರ್ಟ್,

ಇದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ. ಈ ವಾರ ನಾನು ಊರಿಗೆ ಹೊರಡುತ್ತೇನೆ. ಶುಕ್ರವಾರ ಆ ಬಯಲಿನಲ್ಲಿ ಆದದ್ದರಲ್ಲಿ ನಿನಗೆ ಗೊತ್ತಿಲ್ಲದ್ದು ಇದೆ, ಅದನ್ನು ತಿಳಿಸಿ ಹೋಗುತ್ತೇನೆ.

ರೂವಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗಲೇ ಪುತ್ರನ್ ಕಾಯುತ್ತಿದ್ದ. ನನ್ನ ಸಂಗತಿ ಎಲ್ಲ ಅವನಿಗೆ ತಲುಪಿತ್ತು. ಚಾ ಕುಡಿಸಿದ. 'ನಮ್ಮ ವರ್ಕ್‌ಶಾಪಿನ ಸ್ಟೋರಿಗೆ ಒಬ್ರು ಬೇಕು ಭೋಜಣ್ಣ. ನನ್ನ ಕಫೀಲ್ ನನ್ನ ಮಾತು ಮೀರುವುದಿಲ್ಲ. ಹೆಂಡತಿ ಮಗಳನ್ನು ಕರ್ಕೊಂಡು ಬರ್ಬಹುದು. ನೀವು ಒಂದೇ ಒಂದು ಮಾತು ಹೇಳಿದ್ರೆ ಆಯ್ತು. ಆ ಹುಡುಗ ಪೆನಾಲ್ಟಿ ಎಲ್ಲಿಗೆ ಹೊಡಿತಾನೆ? ನಿಮ್ಗೆ ಗೊತ್ತುಂಟು ಅಂತ ಡ್ರೈವರ್ ಹೇಳಿದ.'

ನನ್ನ ಕಾಗದ ಅವರೂ ಓದಿದ್ದರು. ನನ್ನ ಕಾಗದ ಓದದವರು ಒಮಾನಿನಲ್ಲಿ ಯಾರಾದರೂ ಇದ್ದಾರೆಯೇ?

'ನೋಡುವ' ಅಂದೆ. ಹೇಳಬೇಕೆಂದೇ ಹೋಗಿದ್ದೆ ರಾಬರ್ಟ್. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಇಟ್ಟುಕೊಂಡು ಬಂದಿದ್ದೆ. ನಿನ್ನ ಫಾರ್ವರ್ಡ್ ನಿನ್ನ ಧಣಿಯ ಎದುರು ಪೆನಾಲ್ಟಿ ತಪ್ಪಿಸಬೇಕು, ನೀನು ಪುತ್ರನ್‌ಗೆ ರಸ ಬಡಿಸಬೇಕು, ಅದನ್ನು ನಾನು ಚಾಪೆಯ ಮೇಲೆ ಕೂತು ನೋಡಬೇಕು. ಆಟ ಮುಗಿಯುವುದರೊಳಗೆ ಹೇಳಿದರಾಯಿತು ಎಂದುಕೊಂಡು ದಕ್ಕೆಯವರ ಚಾಪೆಯಲ್ಲಿ, ಅವರ ಗೋಲಿನ ಹಿಂದೆಯೇ ಕೂತೆ. ನಮ್ಮವರು ನನ್ನನ್ನು ನೋಡಿ ಉಗುಳಿದ್ದೂ ನನಗೆ ಕಾಣಿಸಿತು.

ನೀನು ರೆಫ್ರಿಯನ್ನು ನೋಡಿದೆ, ನೀರಿನ ಡ್ರಮ್ಮನ್ನು ನೋಡಿದೆ, ಗುಡ್ಡದ ಮೇಲಿನ ಮೋಡ ನೋಡಿದೆ. ನಾನು ಕೂತಲ್ಲಿಗೆ ನಿನ್ನ ಕಣ್ಣು ಒಮ್ಮೆಯೂ ಬರಲಿಲ್ಲ.

ಒಂದಕ್ಕೊಂದು ಸಮನಾಗಿದ್ದಾಗ ಆ ಪೆನಾಲ್ಟಿ ಸಿಕ್ಕಿತಲ್ಲ, ಆಗ ದಕ್ಕೆಯ ಗೋಲಿ ತಿರುಗಿ ನನ್ನನ್ನು ನೋಡಿದ. ಪುತ್ರನ್ ಹೇಳಿಟ್ಟಿದ್ದ. ಬಾಯಿ ಬಿಡುವುದೂ ಬೇಕಿರಲಿಲ್ಲ, ಒಂದು ಬೆರಳು ಆ ಕಡೆಗೆ ತೋರಿಸಿದ್ದರೆ ಸಾಕಿತ್ತು. ಬೆರಳಿನ ತುದಿಯಲ್ಲಿ ವಾರಿಜಾಕ್ಷಿ ಇದ್ದಳು, ಅನು ಇದ್ದಳು. ನನ್ನ ಕೈ ಮಂಡಿಯ ಮೇಲಿತ್ತು. ಅದು ಏಳಲಿಲ್ಲ.

ನಿನಗಾಗಿ ಎಂದು ತಿಳಿಯಬೇಡ. ಹುಡುಗನಿಗಾಗಿ ಇರಬಹುದು, ತಪ್ಪಿಸಿದ್ದರೆ ರೇಗೊ ಸಾಹೇಬರು ಅವನನ್ನು ಮರುದಿನವೇ ಕಳಿಸುತ್ತಿದ್ದರು. ಅದೂ ಅಲ್ಲವೇನೋ. ನೀಲಿ ಜೆರ್ಸಿಯವರ ಚೆಂಡನ್ನು ತಡೆಯಲು ಬೇರೆಯವರಿಗೆ ದಾರಿ ತೋರಿಸುವುದು ಈ ಕೈಗೆ ಗೊತ್ತಿಲ್ಲ. ಹೇಳಿಕೊಟ್ಟರೂ ಕಲಿಯಲಿಲ್ಲ.

ಚೆಂಡು ಒಳಗೆ ಹೋಯಿತು. ಆಮೇಲೆ ಆದದ್ದನ್ನು ನೀನು ಕೇಳಿರಬೇಕು. ದಕ್ಕೆಯವರ ಚಾಪೆಯ ನಡುವೆ ಎದ್ದು ನಿಂತು ಒಬ್ಬ ಕೈಯೆತ್ತಿ 'ಗೋಲ್' ಎಂದು ಕೂಗಿದನಲ್ಲ. ಕೂಗಿದವ ನಾನು. ಕೂಗಿದ ಮೇಲೆ ನನಗೇ ಗೊತ್ತಾದದ್ದು.

ಎಲ್ಲರೂ ತಿರುಗಿ ನೋಡಿದರು. ಪುತ್ರನ್ ಹತ್ತಿರ ಬಂದು ಮೆತ್ತಗೆ ಹೇಳಿದ, 'ನಿಮ್ಮನ್ನು ಕಳಿಸಿದ್ದು ರಾಬರ್ಟೇ ಅಲ್ವಾ? ಕೆಲ್ಸ ಹೋಯ್ತು ಅಂತ ಕತೆ ಕಟ್ಟಿ ನಮ್ಮ ಚಾಪೆಯಲ್ಲಿ ಬಂದು ಕೂತ್ರಿ. ನಾಚಿಕೆ ಆಗ್ಬೇಕು ನಿಮ್ಗೆ.' ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದು ಕರುಳಿಗೆ ತಾಗಿತು. ಬೋಳುಗುಡ್ಡೆಯವರಿಗೆ ನಾನು ದಕ್ಕೆಗೆ ಮಾರಿಕೊಂಡವ, ದಕ್ಕೆಯವರಿಗೆ ನಿನ್ನ ಬೇಹುಗಾರ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಕೂತು ಉಣ್ಣಲೂ ಇಲ್ಲ, ನಿಂತು ಬಡಿಸಲೂ ಇಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ನಡೆದೆ. ಗ್ರೆಟ್ಟಾ ಓಡಿ ಬಂದು ಒಂದು ಪೊಟ್ಟಣ ಕೊಟ್ಟಳು. ಅವಳ ಕೈಯದ್ದಾದ್ದರಿಂದ ತೆಗೆದುಕೊಂಡೆ.

ಆ ಪೆನಾಲ್ಟಿಯ ಸಂಗತಿ ಏನು ಎಂದು ಕೇಳಿದ್ದೆ. ಈಗ ಹೇಳುತ್ತೇನೆ, ಮುಂದಿನ ವರ್ಷ ಪುತ್ರನ್‌ಗೂ ಗೊತ್ತಾಗುವ ಮೊದಲು ಹುಡುಗನನ್ನು ತಿದ್ದು. ಚೆಂಡು ಇಟ್ಟ ಮೇಲೆ ಅವನು ಗೋಲಿಯ ಕಾಲು ನೋಡುತ್ತಾನೆ, ಕಂಬ ನೋಡುತ್ತಾನೆ, ಆಕಾಶವನ್ನೂ ನೋಡುತ್ತಾನೆ. ಯಾವ ಮೂಲೆಗೆ ಹೊಡೆಯುತ್ತಾನೋ ಆ ಒಂದು ಮೂಲೆಯನ್ನು ಮಾತ್ರ ನೋಡುವುದಿಲ್ಲ. ಅಷ್ಟೇ. ಮರಳಿನಲ್ಲಿ ಕೂತು ಅದನ್ನು ಕಂಡುಹಿಡಿದಾಗ ನನ್ನಷ್ಟು ಜಾಣ ಯಾರೂ ಇಲ್ಲ ಎಂದು ನಕ್ಕಿದ್ದೆ. ನಿನ್ನ ಕಾಗದಗಳನ್ನು ನಿನ್ನೆ ಇನ್ನೊಮ್ಮೆ ಓದಿದೆ. ರೆಫ್ರಿ, ರೊಟ್ಟಿ, ಗ್ರೆಟ್ಟಾಳ ಶೀತ, ಮಕ್ಕಳ ಪರೀಕ್ಷೆ. ಅಷ್ಟು ಚೆನ್ನಾಗಿ ನೋಡಬಲ್ಲ ಗೋಲಿ ನಾನು, ನೀನು ಹೊಡೆದದ್ದನ್ನು ಮಾತ್ರ ಹಿಡಿಯಲಾಗಲಿಲ್ಲ.

ವಾರಿಜಾಕ್ಷಿಗೆ ಹೇಳಿದೆ. ಬೂತಿನಲ್ಲಿ ಈ ಸಲವೂ ಆಚೆಯಿಂದ ಮಾತಿಲ್ಲ. ಲೈನ್ ಕಡಿಯಲಿಲ್ಲ ಎಂದು ನನಗೆ ಗೊತ್ತಿತ್ತು, ಆದ್ದರಿಂದ ಕಾದೆ. ಅವಳು ಯಾಕೆ ಎಂದು ಕೇಳಲಿಲ್ಲ, ನಿನ್ನ ಹೆಸರನ್ನೂ ಎತ್ತಲಿಲ್ಲ. ಕೊನೆಗೆ, ನನ್ನ ಮನಸ್ಸು ಬೇರೆ ಕಡೆ ಹೋಗಲಿ ಎಂದಿರಬೇಕು, 'ಮ್ಯಾಚ್ ಯಾರು ಗೆದ್ದದ್ದು?' ಎಂದು ಕೇಳಿದಳು.

'ನಾವೇ' ಅಂದೆ.

ಭೋಜರಾಜ